ಏಣಿಯ ಎರಡು ಕೊಂಬು

ಲಿಂಗದಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿ ಹೇಳುತ್ತೇನೆ — ಮುಟ್ಟಲು ಕೈಯೆಲ್ಲಿದೆ, ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದು ನೊರೆಯೊಳಗೆ ಏನನ್ನೋ ಹಿಡಿದುಕೊಂಡಿದೆ, ಏನನ್ನು ಎಂದು ಆ ಕೈಗೂ ಗೊತ್ತಿಲ್ಲ — ಮನಸ್ಸಿನಲ್ಲೇ ಮುಟ್ಟಿದೆ ಎಂದಿಟ್ಟುಕೊಳ್ಳೋಣ, ಏಣಿಯ ಕೊಂಬೆರಡೂ ಅಲ್ಲಿವೆ, ಗಾಡಿಯ ಅಂಚಿನಾಚೆ ಗೇಣುದ್ದ ಎದ್ದು ನಿಂತಿವೆ, ಬಣ್ಣ ಗೀರಬಾರದೆಂದು ಒಂದಕ್ಕೆ ಅಕ್ಕನ ಹಳೇ ಸೀರೆಯ ಕೆಂಪು ತುಂಡು ಸುತ್ತಿದ್ದೇನೆ, ಇನ್ನೊಂದಕ್ಕೆ ನನ್ನ ಬನಿಯನ್ನು, ಎರಡೂ ಅಲುಗಾಡುತ್ತಿಲ್ಲ, ಅಂದರೆ ಸುಭದ್ರಕ್ಕ ಕೆಳಗೆ ಹಿಡಿದು ನಿಂತಿದ್ದಾಳೆ, ಹಿಡಿಯದಿದ್ದರೆ ನಿಲ್ಲುವ ಏಣಿಯಲ್ಲ ಅದು, ಒಂದು ಕಾಲು ನೆಲದ ಮೇಲೆ, ಇನ್ನೊಂದು ಕಲ್ಲಿನ ಮೇಲೆ, ಬಿಟ್ಟರೆ ಪಕ್ಕಕ್ಕೆ ಜಾರಿ ಮಲಗುತ್ತದೆ. ಕೊಂಬು ಅಲ್ಲಿ, ನಾನು ಇಲ್ಲಿ ಗಾಡಿಯ ನೆತ್ತಿಯ ಮೇಲೆ, ನಡುವೆ ಬರೀ ನೊರೆ, ಆ ನೊರೆಯೊಳಗೆ ಎಲ್ಲೋ ಕಿಟಕಿ. ಎಲ್ಲೋ ಅಂದರೆ ಎಲ್ಲಿ, ನಾನೇ ಕೊರೆಸಿದ ಕಿಟಕಿ, ಈ ಗಾಡಿ ಸ್ಕೂಲ್ ವ್ಯಾನಾಗಿದ್ದಾಗ ನೆತ್ತಿಯಲ್ಲಿ ಕಿಟಕಿಯಿರಲಿಲ್ಲ, ಕ್ಯಾರವಾನ್ ಆದಮೇಲೆ ಮಂಚ ಬಂತು, ಸಿಂಕು ಬಂತು, ಗ್ಯಾಸ್ ಒಲೆ ಬಂತು, ನೆತ್ತಿಗೆ ಪ್ಲಾಸ್ಟಿಕ್ ಕಿಟಕಿ ಬಂತು, ಮಲಗಿದಲ್ಲೇ ನಕ್ಷತ್ರ ಎಂದು ಹಿಂದುಗಡೆ ಬರೆಸಿದೆ, ಜನ್ನಾಪುರದ ಧೂಳು, ಪಾಚಿ, ಕಾಗೆಯ ಪ್ರಸಾದ ಎಲ್ಲ ಸೇರಿ ನಕ್ಷತ್ರ ಹೋಗಲಿ ಸೂರ್ಯನೂ ಕಾಣದಂತಾಯಿತು, ಮಧ್ಯಾಹ್ನ ಶಿವಮೊಗ್ಗ ಕೋಟೆಯಿಂದ ತ್ರಿವಿಕ್ರಮ ಭಟ್ಟರು ಬಾಡಿಗೆಗೆ ಗಾಡಿ ನೋಡಲು ಬರುತ್ತಾರೆ, ಹೆಂಡತಿಗೆ ಸಕ್ರೆಬೈಲಿನ ಆನೆ ತೋರಿಸಬೇಕಂತೆ, ಮೊದಲ ಗಿರಾಕಿ, ಮಡಿಯ ಜನ, ತಲೆಯ ಮೇಲೆ ಕಾಗೆಯ ಪ್ರಸಾದ ಹೊತ್ತು ಮಲಗುತ್ತಾರೆಯೇ, ಅದಕ್ಕೇ ಹತ್ತಿದೆ. ಹತ್ತಬೇಡ ಎಂದಿದ್ದ ಮಲ್ಲಿಕ್, ಕಿಟಕಿ ಕೂರಿಸಿದವನು, ಅಣ್ಣಾ ಏಣಿ ಮೇಲೇ ನಿಂತ್ಕೊಂಡು ಉದ್ದ ಕೋಲಿನ ಬ್ರಷ್ಷಲ್ಲಿ ತಿಕ್ಕಿ, ಹತ್ತಲೇಬೇಕು ಅಂದ್ರೆ ಹಲಗೆ ಹಾಕಿ ಅದರ ಮೇಲೆ ಕೂತ್ಕೊಳ್ಳಿ, ಕಿಟಕಿ ಮೇಲೆ ಮಾತ್ರ ಭಾರ ಬಿಡಬೇಡಿ, ಬಿಟ್ರೆ ಸೀದಾ ಒಲೆ ಮೇಲೆ ಬೀಳ್ತೀರ. ಒಂದು ಬಕೆಟ್ಟಿಗೆ ಒಂದು ಹಿಡಿ ಸೋಪಿನ ಪುಡಿ ಎಂದೂ ಹೇಳಿದ್ದ, ಯಾರ ಹಿಡಿ ಎಂದು ಹೇಳಲಿಲ್ಲ, ನನ್ನ ಹಿಡಿ ದೊಡ್ಡದು.

ಹಲಗೆ ಇರಲಿಲ್ಲ, ಅಡಿಕೆ ಹಾಳೆ ಇತ್ತು. ಹಲಗೆ ಭಾರ ಹಂಚುತ್ತದೆ, ಹಾಳೆಯೂ ಅಗಲವಾಗಿದೆ, ಅದೂ ಹಂಚುತ್ತದೆ, ಮದುವೆ ಮನೆಯಲ್ಲಿ ಅನ್ನ ಸಾರು ಪಾಯಸ ಎಲ್ಲವನ್ನೂ ತಡೆದುಕೊಳ್ಳುವ ಹಾಳೆ ನನ್ನೊಬ್ಬನನ್ನು ತಡೆಯುವುದಿಲ್ಲವೇ, ಹೀಗೆ ಲೆಕ್ಕ ಹಾಕಿ ಹಾಳೆಯ ಮೇಲೆ ಕೂತೆ, ಕೂತಮೇಲೆ ನೆನಪಾಯಿತು ಹಾಳೆಯ ಮೇಲೆ ಕೂರುವುದು ಯಾತಕ್ಕೆಂದು, ಜಾರಲಿಕ್ಕೆ, ಇನ್ಯಾತಕ್ಕೆ, ಈ ಸೀಮೆಯಲ್ಲಿ ಹುಟ್ಟಿದ ಯಾವ ಕೂಸಿಗೂ ಗೊತ್ತು, ಅಗಲದ ಕಡೆ ಒಬ್ಬರು ಕೂರಬೇಕು, ತುದಿ ಹಿಡಿದು ಇನ್ನೊಬ್ಬರು ಎಳೆಯಬೇಕು, ಜನ್ನಾಪುರದ ಇದೇ ಓಣಿಯಲ್ಲಿ ಸುಭದ್ರಕ್ಕ ಎಳೆಯುತ್ತಾಳೆ, ನಾನು ಕೂತಿದ್ದೇನೆ, ಚಡ್ಡಿಯ ಕೆಳಗೆ ರಸ್ತೆ ಬಿಸಿಯಾಗಿ ಓಡುತ್ತಿದೆ, ಅಕ್ಕಾ ನನ್ನ ಹೊಟ್ಟೇಲಿ ಹಾವಿನ ಮೊಟ್ಟೆ ಇದೆ ಎನ್ನುತ್ತೇನೆ, ಅವಳು ತಿರುಗಿಯೂ ನೋಡದೆ ಕೈ ಬಿಡುತ್ತಾಳೆ, ತಿರುವಿನಲ್ಲೇ ಬಿಡುತ್ತಾಳೆ, ನಾನು ಚರಂಡಿಯಲ್ಲಿ, ಸುಳ್ಳು ಹೇಳಿದ್ಯಲ್ಲ ಅದಕ್ಕೇ. ಈಗಲೂ ಅದೇ ಮಾತು, ಹತ್ತುವ ಮೊದಲೇ ಹೇಳಿದಳು, ಮುರುಗೇಶಿ, ಇವತ್ತು ಒಂದು ಸುಳ್ಳು ಬಂತೋ ನಾನು ಏಣಿ ಬಿಟ್ಟು ಒಳಗೆ ಹೋಗ್ತೀನಿ, ನೀನು ಮೇಲೇ ಸಂಸಾರ ಮಾಡು. ಸಿಟ್ಟು ಆನೆಯ ಸುಳ್ಳಿನದು. ಸಕ್ರೆಬೈಲಿನಲ್ಲಿ ಒಂದು ಆನೆ ಸೋಮವಾರ ಒಪ್ಪೊತ್ತು ಮಾಡುತ್ತದೆ ಎಂದು ನಾನು ಊಟದ ಹೊತ್ತಿಗೆ ಸುಮ್ಮನೆ ಹೇಳಿದ್ದು, ಉಪ್ಪಿನಕಾಯಿ ಬಡಿಸಿಕೊಳ್ಳುವಷ್ಟೇ ಸಹಜವಾಗಿ, ಅವಳು ಅದನ್ನು ಅಕ್ಕನ ಬಳಗದ ವಚನಗೋಷ್ಠಿಯಲ್ಲಿ ಭಕ್ತಿಯಿಂದ ಹೇಳಿಬಿಟ್ಟಳು, ಎಲ್ಲರೂ ನಕ್ಕರಂತೆ, ಅವರಲ್ಲಿ ಯಲ್ಲಮ್ಮನಂತೂ ಆನೆಗೆ ಉಪ್ಪಿಟ್ಟೋ ಅವಲಕ್ಕಿಯೋ ಎಂದು ಕೇಳಿದಳಂತೆ. ಅದಕ್ಕೇ ಬೆಳಗಿನಿಂದ ನಾಲಿಗೆ ಕಚ್ಚಿಕೊಂಡಿದ್ದೇನೆ, ಒಳಗೆ ಸುಳ್ಳುಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ನಿಂತಿವೆ, ಯಾವುದನ್ನೂ ಹತ್ತಿಸಿಕೊಂಡಿಲ್ಲ, ಪೈಪು ಹಿಡಿದು ನೊರೆ ತೊಳೆದುಬಿಟ್ಟರೆ ಕಿಟಕಿ ಕಾಣುತ್ತದೆ ಎಂದುಕೊಂಡೆ, ಪೈಪು ಎರಡು ಸಲ ಕೆಮ್ಮಿತು, ನಿಂತಿತು, ನಲ್ಲಿಯಲ್ಲಿ ನೀರು ಹೋಯಿತು. ಮೋಟರ್ ಹಾಕಲು ಅಕ್ಕ ಒಳಗೆ ಹೋಗಬೇಕು, ಅಕ್ಕ ಒಳಗೆ ಹೋದರೆ ಏಣಿ ಹೋಗುತ್ತದೆ, ಏಣಿ ಇರಬೇಕಾದರೆ ನೀರು ಬರುವುದಿಲ್ಲ, ನೀರು ಬರದೆ ಕಿಟಕಿ ಕಾಣುವುದಿಲ್ಲ, ಕಿಟಕಿ ಕಾಣದೆ ಏಣಿಗೆ ಹೋಗುವಂತಿಲ್ಲ, ಎಲ್ಲಿಂದ ಶುರು ಮಾಡಿದರೂ ಇಲ್ಲಿಗೇ ಬಂದು ಕೂರುತ್ತೇನೆ, ಹಾಳೆಯ ಮೇಲೆ, ಹಾಳೆ ಈಗ ಒಂದು ಬೆರಳು ಮುಂದೆ ಹೋಯಿತೇ, ನಾನು ಹೋದೆನೇ, ಅಥವಾ ಗಾಡಿ ಹಿಂದೆ ಬಂತೇ. ಕೊಂಬು ಅಲ್ಲೇ ಇವೆ, ಕೆಂಪು ಬಟ್ಟೆ, ಬನಿಯನ್ನು, ಸದ್ಯ.

ಆಗ ಕೋತಿ ಬಂತು. ಬಂತೋ, ಬಂದ ಹಾಗೆ ಕಂಡಿತೋ, ಇಷ್ಟು ವರ್ಷ ಇಷ್ಟು ಹೇಳಿ ಹೇಳಿ ಯಾವುದು ಕಂಡದ್ದು ಯಾವುದು ಹೇಳಿದ್ದು ಎಂಬುದೇ ಕಲಸಿಹೋಗಿದೆ, ಗಾಡಿಯ ಮೇಲೆ ಬಾಗಿದ ಮರದ ಕೊಂಬೆಯಿಂದ ಇಳಿಯಿತು, ನನ್ನ ಕೈಯಿಂದ ಆಗಲೇ ಜಾರಿದ್ದ ಬ್ರಷ್ಷನ್ನು ಎತ್ತಿಕೊಂಡಿತು, ಮೂಸಿತು, ನನ್ನನ್ನು ನೋಡಿತು, ತಗಡು ತಿಕ್ಕಲು ಶುರು ಮಾಡಿತು, ಸರ್ ಸರ್, ಗಲ್ಲಕ್ಕೆ ನೊರೆ ಅಂಟಿ ಕ್ಷೌರಕ್ಕೆ ಕೂತ ಯಜಮಾನರ ಹಾಗಿದೆ, ನನಗಿಂತ ನೀಟಾಗಿ ತಿಕ್ಕುತ್ತಿದೆ, ಅದು ಕೂತಲ್ಲಿ ಕಿಟಕಿಯಿಲ್ಲ ಎಂದಾಯಿತು, ಅಥವಾ ಅಲ್ಲೇ ಇದೆ, ಕೋತಿ ಹಗುರ, ಕಣ್ಣು ಮುಚ್ಚಿ ತೆರೆದೆ, ಇದೆ, ಇನ್ನೊಮ್ಮೆ ಮುಚ್ಚಿ ತೆರೆದೆ, ಇದೆ, ಬಾಲವೂ ಇದೆ. ಕೆಳಗಿನಿಂದ ಅಕ್ಕ ಕೇಳಿದಳು, ಮುರುಗೇಶಿ, ಉಸಿರು ಬಿಡೋದು ಈ ಕಡೆಯಿಂದ ಕೇಳ್ತಿದೆ, ತಿಕ್ಕೋ ಸದ್ದು ಆ ಕಡೆಯಿಂದ ಬರ್ತಿದೆ, ಮೇಲೆ ಇನ್ಯಾರಿದಾರೆ. ಯಾರಿದ್ದಾರೆ ಎನ್ನಲಿ, ನಾನೇ ಅಕ್ಕಾ ಕೈ ಉದ್ದ ಮಾಡಿ ತಿಕ್ತಿದೀನಿ ಎಂದರೆ ಸಾಕು, ನಂಬುತ್ತಾಳೆ, ಏಣಿ ಹಿಡಿದೇ ನಿಲ್ಲುತ್ತಾಳೆ, ಎಂಥ ಚಿಕ್ಕ ಸುಳ್ಳು, ಇಪ್ಪತ್ತು ಸುಳ್ಳು ಹುಟ್ಟಿಸುವ ಹೊತ್ತಿಗೆ ಇಂಥದ್ದೊಂದು ಚಿಲ್ಲರೆಯಾಗಿ ಉದುರುತ್ತಿತ್ತು, ಆದರೆ ಮನಸ್ಸಿನಲ್ಲಿ ಕರಡಿಗೆ ಮುಟ್ಟಿಬಿಟ್ಟಿದ್ದೇನಲ್ಲ, ಮುಟ್ಟಿದೆನೋ ಇಲ್ಲವೋ, ಮುಟ್ಟಿದೆ ಎಂದಿಟ್ಟುಕೊಂಡೆನಲ್ಲ, ಅದೂ ಮುಟ್ಟಿದ ಲೆಕ್ಕವೇ, ಬಾಯಿ ನನ್ನನ್ನು ಕೇಳದೆ ತೆರೆಯಿತು, ಕೋತಿ ಅಕ್ಕಾ. ಯಾವ ಕೋತಿ. ಬ್ರಷ್ ಹಿಡ್ಕೊಂಡಿದೆ, ತಗಡು ತಿಕ್ತಾ ಇದೆ, ಲಿಂಗದಾಣೆ. ಕೋತಿಯೂ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದೆ, ಈಗಲೇ ಯಾಕೆ ನಿಲ್ಲಿಸಿದೆ ಮಾರಾಯ, ಇನ್ನೆರಡು ಸಲ ತಿಕ್ಕು, ಸದ್ದು ಮಾಡು, ನನ್ನ ಪರವಾಗಿ ಒಂದು ಸಾಕ್ಷಿ ಹೇಳು. ಅಕ್ಕನ ದನಿ ತಣ್ಣಗೆ ಬಂತು, ಇದೂ ಸೋಮವಾರ ಒಪ್ಪೊತ್ತು ಮಾಡುತ್ತಾ. ಅದು ಗೊತ್ತಿಲ್ಲ ಅಕ್ಕಾ, ಇದು ಮಾತ್ರ ನಿಜ, ಆನೆ ಸುಳ್ಳು ಕೋತಿ ನಿಜ, ನಾನು ಹಾಳೆ ಮೇಲೆ ಕೂತಿದೀನಿ, ಜಾರ್ತಿದೆ, ಕಿಟಕಿ ಎಲ್ಲಿದೆ ಗೊತ್ತಾಗ್ತಿಲ್ಲ, ನೀನು ಎರಡೇ ಎರಡು ಮೆಟ್ಟಿಲು ಹತ್ತಿ ಒಂದು ಸಲ ಇಣುಕಿ ನೋಡು, ಆಮೇಲೆ ಬೇಕಾದ್ರೆ — ಚಪ್ಪಲಿಯ ಸದ್ದು, ಹೋಗುತ್ತಿರುವ ಚಪ್ಪಲಿ, ಅಂಗಳ ದಾಟಿತು, ಹೊಸ್ತಿಲು ದಾಟಿತು, ಬಾಗಿಲು. ಕೋತಿ ಅಂಚಿನ ಕಡೆ ನೋಡುತ್ತಿದೆ, ನಾನೂ ನೋಡುತ್ತಿದ್ದೇನೆ, ಕೆಂಪು ಬಟ್ಟೆ, ಬನಿಯನ್ನು, ಕೆಂಪು ಬಟ್ಟೆ ಒಮ್ಮೆ ನಡುಗಿತು, ಬನಿಯನ್ನು ನಡುಗಿತು, ಎರಡೂ ಕೂಡಿ ಮೆಲ್ಲಗೆ ಎಡಕ್ಕೆ ಹೊರಟವು, ಯಾರೋ ತುದಿ ಹಿಡಿದು ಎಳೆದ ಹಾಗೆ, ಕೆಂಪು ಬಟ್ಟೆ, ಅಂಚಿನಲ್ಲಿ ಬರೀ ಕೆಂಪು ಬಟ್ಟೆ, ಕೆಂಪು