ಕಾಂಡದೊಳಗಿನ ಹಳದಿ ಬಾಗು

ಜೊಂಡಿನ ನೆಲದಡಿಯ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಕೊಯ್ಯುವುದರಲ್ಲಿ ಆ ಪ್ರಯೋಗಾಲಯದಲ್ಲಿ ಅಕ್ಕನದು ಎತ್ತಿದ ಕೈ. ತಂಗಿಯೂ ಅಲ್ಲೇ ಸಂಶೋಧನೆಗೆ ಸೇರಿದ ಮೇಲೆ ಅವಳ ಪಾಲಿನ ಕೊಯ್ಯುವ ಕೆಲಸವೂ ಅಕ್ಕನ ತಲೆಗೇ ಬಂತು. "ನೀನು ಕೊಯ್ದ್ರೆ ಅದು ಸ್ಲೈಡಲ್ಲ, ಚಪ್ಪಲಿ ಅಟ್ಟೆ" ಎಂದು ಅಕ್ಕ ಛೇಡಿಸುತ್ತಿದ್ದಳು.

ಬೇರಿನೊಳಗೆ ನೀರು ಸೋರದಂತೆ ತಡೆಯುವ ಜೀವಕೋಶಗಳ ಒಂದು ಸುತ್ತು ಇರುತ್ತದೆ. ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಅದು ಹಳದಿಯಾಗಿ ಹೊಳೆಯುತ್ತದೆ. ಈ ಜೊಂಡಿನ ಕಾಂಡದಲ್ಲೂ ಅಂಥದೇ ಒಂದು ತಡೆಗೋಡೆ ಇದೆ ಎಂಬುದು ತಂಗಿಯ ಪ್ರಬಂಧದ ಬೆನ್ನೆಲುಬು. ಒಂದು ಸ್ಲೈಡಿನಲ್ಲಿ ಅದರ ಬಾಗು ಕಂಡಿತ್ತು, ಸಂಶೋಧನೆಯ ಗೈಡು ಕುಣಿದಾಡಿದ್ದರು. ನಾಳೆ ಪ್ರಬಂಧ ಸಲ್ಲಿಸಬೇಕು. ಇನ್ನೂ ಚೆಂದದ ಚಿತ್ರ ಬೇಕೆಂದು ತಂಗಿ ಗೋಗರೆದದ್ದಕ್ಕೆ ಅಕ್ಕ ಅದೇ ತುಂಡನ್ನು ಮತ್ತೆ ಕೊಯ್ಯುತ್ತ ಕುಳಿತಳು.

ಕೊಯ್ದ ಮೊದಲ ಬಿಲ್ಲೆಗಳಲ್ಲಿ ಹಳದಿ ಬಾಗು ಇತ್ತು. ಮುಂದಿನದರಲ್ಲಿ ಅದು ಕೂಡಿಕೊಂಡು ಪುಟ್ಟ ಬಳೆಯಾಗಿತ್ತು. ಅದರಾಚೆಯದರಲ್ಲಿ ಬಳೆ ಸಿಪ್ಪೆಯ ಅಂಚಿಗೆ ಸರಿದಿತ್ತು. ಅಕ್ಕ ಬಿಲ್ಲೆಗಳನ್ನು ಸಾಲಾಗಿ ಮತ್ತೊಮ್ಮೆ ನೋಡಿದಳು. ಕಾಂಡದೊಳಗೆ ಹುಟ್ಟಿ ಓರೆಯಾಗಿ ಹೊರಗೆ ಹೊರಟಿದ್ದ ಎಳೆ ಬೇರು ಅದು. ಇಷ್ಟು ದಿನ ಎಲ್ಲರೂ ಬೇರಿನ ಸುತ್ತನ್ನೇ ಕಾಂಡದ್ದೆಂದು ನಂಬಿ ಕೂತಿದ್ದರು.

ಅಕ್ಕ ಕಡೆಯ ಬಿಲ್ಲೆಗಳನ್ನು ಕಾಗದಕ್ಕೆ ಒರೆಸಿ ಜೇಬಿಗೆ ತುರುಕಿದಳು. ಚಿಕ್ಕಂದಿನಲ್ಲಿ ತಂಗಿಗೆ ಬೀಳಬೇಕಾದ ಏಟನ್ನೆಲ್ಲ ತಾನೇ ತಿಂದವಳು. ಬೇರೆ ದಾರಿ ಅವಳಿಗೆ ಹೊಳೆಯಲೂ ಇಲ್ಲ.

ತಂಗಿ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. "ಸೂಪರ್ ಕಣಕ್ಕಾ! ಮಿಕ್ಕಿದ್ದೆಲ್ಲಿ?"

"ಹಾಳಾಗೋಯ್ತು."

"ನಿನ್ ಕೈಲಿ?" ತಂಗಿ ತಲೆಯೆತ್ತಿದಳು. "ಅಕ್ಕಾ, ಏನಿತ್ತು ಅದ್ರಲ್ಲಿ?"

ಅಕ್ಕನಿಗೆ ಸುಳ್ಳು ಮುಂದುವರಿಸಲು ಬಾಯಿ ಬರಲಿಲ್ಲ. "ಬೇರು."

ತಂಗಿ ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಆ ಬಾಗನ್ನೇ ನೋಡಿದಳು.

"ಯಾರಿಗೂ ಗೊತ್ತಾಗಲ್ಲ ಪುಟ್ಟಿ. ನಾನಂತೂ ಬಾಯಿ ಬಿಡಲ್ಲ."

"ನಿಂಗೆ ಗೊತ್ತಲ್ಲ. ಯಾರಾದ್ರೂ ನನ್ನ ಹೊಗಳಿದಾಗೆಲ್ಲ ನಿನ್ ಮುಖ ನೋಡ್ಬೇಕಲ್ಲ ನಾನು."

ಅವಳು ಗೈಡಿಗೆ ಫೋನು ಮಾಡಿದಳು. "ಸರ್, ನಾಳೆ ಸಲ್ಲಿಸೋಕಾಗಲ್ಲ. ನಾವು ನೋಡಿದ್ದು ಬೇರು." ಅವರು ಕೂಗಾಡಿದ್ದು ಅಕ್ಕನಿಗೂ ಕೇಳಿಸಿತು.

"ಕೊಡಿಲ್ಲಿ, ನಾನ್ ಮಾತಾಡ್ತೀನಿ" ಎಂದು ಅಕ್ಕ ಕೈ ಚಾಚಿದಳು.

ತಂಗಿ ಅವಳಿಗೆ ಬೆನ್ನು ತಿರುಗಿಸಿ ನಿಂತು, ಬೈಗುಳವನ್ನೆಲ್ಲ ತಾನೊಬ್ಬಳೇ ಕೇಳಿಸಿಕೊಂಡಳು.