ಕೊಡ ಇಳಿಸಿದ ತಿಪ್ಪೇರುದ್ರಪ್ಪ

ತಿಪ್ಪೇರುದ್ರಪ್ಪನವರು ಕಾರನ್ನು ಮುಟ್ಟುವುದು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಜ್ವರದ ಕೂಸಿನ ಹಣೆಯನ್ನು ತಾಯಿ ಮುಟ್ಟಿ ನೋಡುತ್ತಾಳಲ್ಲ, ಹಾಗೆ ಬಾನೆಟ್ಟಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಏನನ್ನೋ ಜಪಿಸುವವರಂತೆ ತುಟಿ ಅಲುಗಿಸುತ್ತಾರೆ. ಬಳ್ಳಾರಿಯ ಬಿಸಿಲಿಗೆ ಊರೆಲ್ಲ ಬನಿಯನ್ನಿಗೆ ಇಳಿದಿರುವಾಗಲೂ ಅವರ ಮೈಮೇಲೆ ತುಂಬುತೋಳಿನ ಖಾಕಿ ಕೋಟು. ಎಂದೋ ಒಮ್ಮೆ ಕಾದ ರೇಡಿಯೇಟರಿನ ಮುಚ್ಚಳ ತೆರೆದು, ಚಿಮ್ಮಿದ ಹಬೆಗೆ ಮೊಣಕೈವರೆಗೆ ಸುಟ್ಟುಕೊಂಡ ದಿನದಿಂದ ಆ ತೋಳು ಮಡಚಿದ್ದಿಲ್ಲ, ಬಿಸಿ ಮುಚ್ಚಳ ತೆರೆದದ್ದೂ ಇಲ್ಲ. ಗಿರಾಕಿ ಎಷ್ಟೇ ಅವಸರ ಮಾಡಲಿ, "ಆರಲ್ರಿ, ಆರಿದ ಮ್ಯಾಲ ಮಾತಾಡೋಣು" ಎಂದು ಸ್ಟೂಲೆಳೆದು ಕೂತುಬಿಡುತ್ತಾರೆ. ಬ್ರೂಸ್‌ಪೇಟೆಯ ಇಕ್ಕಟ್ಟಿನ ಓಣಿಯ ಅವರ ಗ್ಯಾರೇಜಿನಲ್ಲಿ ಕಾರಿನ ಜೊತೆ ಗಿರಾಕಿಯ ಸಿಟ್ಟೂ ಆರುತ್ತದೆ.

ಅವರನ್ನು ಸೌಂದರ್ಯ ಮೊದಲು ಕಂಡದ್ದು ಬಾಣಂತನ ಮುಗಿಸಿ, ಐದು ತಿಂಗಳ ಮಗಳನ್ನೆತ್ತಿಕೊಂಡು ಬಳ್ಳಾರಿಯ ತವರಿನಿಂದ ಸಿರಿಗೇರಿಯ ಗಂಡನ ಮನೆಗೆ ಹೊರಡುವ ವಾರ. ಕೂಸು ತಮ್ಮ ಹಳೆಯ ಅಂಬಾಸಿಡರಿನಲ್ಲೇ ಮನೆಗೆ ಬರಬೇಕೆಂಬುದು ಮಾವ ಮರಿಬಸಪ್ಪನವರ ಹಟ. ಅವರ ಮಗನೂ ಕೂಸಾಗಿ ಅದರಲ್ಲೇ ಬಂದಿದ್ದನಂತೆ. ಆದರೆ ಆ ಕಾರು ಪ್ರತಿ ಪಯಣದಲ್ಲೂ ಕುದಿದು ನಿಲ್ಲುವುದು, ಮಾವನವರು ಮುಂದಿನ ಸೀಟಿನ ತಾಮ್ರದ ಕೊಡದಿಂದ ಬೋರಿನ ನೀರು ಕುಡಿಸಿ ಎಬ್ಬಿಸುವುದು ಆ ಮನೆಯ ಸಂಪ್ರದಾಯವೇ ಆಗಿಹೋಗಿತ್ತು. ಮೇ ತಿಂಗಳಲ್ಲಿ, ನೆರಳಿಲ್ಲದ ನಡುರಸ್ತೆಯಲ್ಲಿ ಅದು ನಿಂತರೆ ಮಡಿಲ ಕೂಸಿನ ಗತಿಯೇನು?

"ಮಾವಾರ, ಇದು ಕುದಿಯಂಗಿಲ್ಲ ಅಂತ ಬಲ್ಲವರು ಯಾರರ ಹೇಳಿದ್ರ ಮಾತ್ರ ನಾ ಹತ್ತತೀನಿ" ಎಂದಳು ಸೌಂದರ್ಯ.

ಹಾಗಾಗಿ ಕಾರು ತಿಪ್ಪೇರುದ್ರಪ್ಪನವರ ಮುಂದೆ ಬಂದು ನಿಂತಿತು. ಅವರು ಬಲಗಾಲನ್ನು ತುಸು ಎಳೆಯುತ್ತ ಅದಕ್ಕೊಂದು ಪ್ರದಕ್ಷಿಣೆ ಬಂದರು, ಆರುವವರೆಗೆ ಕೂತರು, ಆಮೇಲೆ ರೇಡಿಯೇಟರ್ ಬಿಚ್ಚಿ, ಒಳಗಿಂದ ಬಿಳಿಯ ಚಕ್ಕೆಯೊಂದನ್ನು ಕೆರೆದು ಮರಿಬಸಪ್ಪನವರ ಅಂಗೈಯಲ್ಲಿಟ್ಟರು.

"ಏನೋ ಇದು, ರುದ್ರಪ್ಪ?"

"ನಿಮ್ಮ ಕೊಡದ ಪ್ರೀತಿರಿ. ನಲವತ್ತು ವರ್ಷ ನೀರಲ್ಲ, ಸುಣ್ಣ ಕುಡಿಸೀರಿ. ಕೊಳವಿ ಕಟ್ಟಿದ ಮ್ಯಾಲ ತಣ್ಣಗಾಗೂದು ಎಲ್ಲಿಂದ?"

ಕೂಸಿಗೆ ಎರೆಯುವ ನೀರು ಕಾಯಿಸುವ ಹಂಡೆಯ ತಳದಲ್ಲೂ ಅದೇ ಬಿಳಿ ಪದರ ಕಂಡಿದ್ದ ಸೌಂದರ್ಯಳಿಗೆ ಎಲ್ಲವೂ ಥಟ್ಟನೆ ತಿಳಿಯಿತು. ತಮ್ಮ ವಾತ್ಸಲ್ಯವೇ ಕಾರಿಗೆ ರೋಗವಾಯಿತೆಂದು ಒಪ್ಪಿಕೊಳ್ಳಲು ಮಾವನವರಿಗೆ ಮಾತ್ರ ಎರಡು ಚಹಾ ಬೇಕಾದವು.

ನಾಲ್ಕು ದಿನ ಕೊಳವೆಗಳಿಗೆ ಕಡ್ಡಿಯಾಡಿಸಿ, ಬಿರಿದ ನೀರಿನ ಹೋಸು, ಸಡಿಲಾದ ಫ್ಯಾನ್ ಬೆಲ್ಟು, ಮುಚ್ಚಳದೊಳಗಿನ ಸತ್ತ ರಬ್ಬರು ಎಲ್ಲವನ್ನೂ ಬದಲಿಸಿ, ಕಾವು ತಡೆಯುವ ಹಸಿರು ಕೂಲಂಟ್ ಬೆರೆಸಿದ, ಸುಣ್ಣವಿಲ್ಲದ ಡಿಸ್ಟಿಲ್ಡ್ ವಾಟರ್ ತುಂಬಿ, ತಿಪ್ಪೇರುದ್ರಪ್ಪನವರು ಹಾಕಿದ್ದು ಒಂದೇ ಷರತ್ತು: "ಕೊಡ ಇಳಿಸ್ರಿ. ಕೊಡ ಇದ್ರ ನಿಮ್ಮ ಕೈ ಸುಮ್ಕಿರಂಗಿಲ್ಲ." ಹೊರಡುವ ದಿನ, ಕೊಡ ಕೂರುತ್ತಿದ್ದ ಸೀಟಿನಲ್ಲಿ ಕೋಟಿನ ಸಮೇತ ತಾವೇ ಕೂತರು.

ದಾರಿಯಲ್ಲಿ ಸಿಗುವ ಕುರುಗೋಡಿನ ಗುಡಿಯಲ್ಲಿ ದೊಡ್ಡ ಬಸವಣ್ಣನ ಮುಂದೆ ಕೂಸನ್ನು ಮಲಗಿಸಿ, ಎತ್ತಿಕೊಂಡು ಸೌಂದರ್ಯ ಹೊರಬರುವಷ್ಟರಲ್ಲಿ, ಮರಿಬಸಪ್ಪನವರು ಡಿಕ್ಕಿಯಲ್ಲಿ ಚಾದರ ಹೊದಿಸಿ ಬಚ್ಚಿಟ್ಟಿದ್ದ ಕೊಡವನ್ನು ಎತ್ತುತ್ತಿದ್ದರು. ತಿಪ್ಪೇರುದ್ರಪ್ಪನವರು ಬಾನೆಟ್ಟಿಗೆ ಅಡ್ಡ ನಿಂತರು.

"ಒಂದ ಗುಟುಕು, ರುದ್ರಪ್ಪ. ಪಾಪ, ಬಿಸಿಲಾಗ ಬಂದೈತಿ."

"ಮೀಟರಿನಾಗ ಕಾವಿನ ಮುಳ್ಳು ದಾರಿತುಂಬ ನಡುವ ನಿಂತಿತ್ತಲ್ರಿ. ಬಾಯಾರಿದ್ದು ನಿಮಗ. ನೀವ ಕುಡೀರಿ."

ಮರಿಬಸಪ್ಪನವರು ನಕ್ಕರು, ಕುಡಿದರು ಕೂಡ.

ಒಮ್ಮೆಯೂ ಕುದಿಯದ ಕಾರಿನಿಂದ, ನಿದ್ದೆ ಕೆಡದ ಕೂಸಿನೊಡನೆ ಸೌಂದರ್ಯ ಸಿರಿಗೇರಿಯಲ್ಲಿ ಇಳಿದಳು. ಕೊಡದಲ್ಲಿ ಉಳಿದ ನೀರನ್ನೇ ಅತ್ತೆ ಗುರುಬಸಮ್ಮ ಹೊಸಿಲಲ್ಲಿ ಸೊಸೆ, ಮೊಮ್ಮಗಳ ಕಾಲಿಗೆ ಎರೆದರು. ತಿಪ್ಪೇರುದ್ರಪ್ಪನವರು ಕೈಯ ಹಿಂಬದಿಯನ್ನು ಮೊದಲು ಬಾನೆಟ್ಟಿಗೆ, ಆಮೇಲೆ ಕೈ ತೊಳೆದು ಕೂಸಿನ ಹಣೆಗೆ ತಾಗಿಸಿ, "ಇಬ್ರೂ ಆರಾಮದಾರ" ಎಂದರು.

ಉರಿಯುವುದನ್ನು ಆರಿಸಿದವರನ್ನು ಲೋಕ ಹೊತ್ತು ಮೆರೆಸುತ್ತದೆ. ಉರಿಯದಂತೆ ಕಾಯುವವರ ಹೆಸರು ಯಾರ ನಾಲಗೆಯ ಮೇಲೂ ಉಳಿಯುವುದಿಲ್ಲ. ಏಕೆಂದರೆ ಅಂಥವರು ಜೊತೆಗಿದ್ದ ಪಯಣದಲ್ಲಿ, ಮನೆಗೆ ಬಂದು ಹೇಳಿಕೊಳ್ಳುವಂಥದ್ದು ಏನೂ ನಡೆದಿರುವುದೇ ಇಲ್ಲ.