ಪಿಹ್ಲಾಗೆ ನಾನು ಹೇಳಿದ ಸುಳ್ಳು

ನನ್ನ ಮಗಳು ಪಿಹ್ಲಾ ಶಾಲೆ ಮುಗಿಯುವ ಮೊದಲೇ ಮನೆಗೆ ಬಂದಳು. ಹೊರಗೆ ಕೊರೆಯುವ ಚಳಿ. ಆದರೂ ಹಿಮದಲ್ಲಿ ತೊಡುವ ದಪ್ಪ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು, ಸೊಟ್ಟಗೆ ನಡೆಯುತ್ತಾ ಬಂದಿದ್ದಳು.

"ಹಾಕ್ಕೊಂಡ್ರೆ ಉರಿಯುತ್ತಮ್ಮಾ," ಎಂದಳು.

ಅವಳಿಗೆ ಎಂಟು ವರ್ಷ. ಎಡ ತೊಡೆಸಂದಿನ ಹರ್ನಿಯಾ ಆಪರೇಷನ್ ಆಗಿ ಏಳು ತಿಂಗಳಾಗಿತ್ತು. ಗಾಯ ಮಾಗಿತ್ತು, ನೋವು ಹೋಗಿರಲಿಲ್ಲ. ಈಗ ಬಲಗಡೆಯೂ ಗಂಟು ಕಾಣಿಸಿಕೊಂಡು, ಇನ್ನೊಂದು ಆಪರೇಷನ್‌ಗೆ ದಿನ ಗೊತ್ತಾಗಿತ್ತು.

"ಬರೀ ನಾಟಕ," ಎಂದ ನನ್ನ ಗಂಡ ಅರ್ವೊ. "ಗಣಿತ ಇರೋ ದಿನಾನೇ ಇವಳಿಗೆ ನೋವು ಬರುತ್ತೆ."

ಪಕ್ಕದ ಮನೆಯ ಟೆಲ್ಲೆರ್ವೊ ಕಾಫಿಗೆ ಬಂದಿದ್ದರು. ಮಕ್ಕಳ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು. "ಭಾನುವಾರ ಗಣಿತ ಇರಲ್ವಲ್ಲ. ಆವತ್ತು ಹೇಗಿರ್ತಾಳೆ?" ಎಂದರು.

ಭಾನುವಾರ ಅವಳು ಹಾಸಿಗೆ ಬಿಟ್ಟು ಏಳುತ್ತಲೇ ಇರಲಿಲ್ಲ.

"ಆಪರೇಷನ್ ದಿನ ಏನಾಯ್ತು, ರೈಲಿ?" ಎಂದು ನನ್ನನ್ನು ಕೇಳಿದರು.

ಯಾರಿಗೂ ಹೇಳದಿದ್ದುದನ್ನು ಅಂದು ಹೇಳಿದೆ. ಪಿಹ್ಲಾ ಹೆದರುತ್ತಾಳೆಂದು 'ಡಾಕ್ಟ್ರು ಸುಮ್ನೆ ನೋಡ್ತಾರೆ ಅಷ್ಟೇ' ಎಂದಿದ್ದೆ. ನಿದ್ದೆ ಬರಿಸುವ ಮಾಸ್ಕ್ ಕಂಡ ಕೂಡಲೇ ಮಗುವಿಗೆ ಅರ್ಥವಾಯಿತು. ಮಂಚದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಳು. ಬೆರಳು ಬಿಡಿಸಿದವರಲ್ಲಿ ನಾನೂ ಒಬ್ಬಳು. ನಿದ್ದೆ ಹತ್ತುವವರೆಗೂ "ಅಮ್ಮಾ, ಬೇಡಾ" ಎಂದು ಕಿರುಚುತ್ತಲೇ ಇದ್ದಳು.

"ನನಗೂ ಚಿಕ್ಕವನಿದ್ದಾಗ ಅಪೆಂಡಿಕ್ಸ್ ತೆಗೆದ್ರು," ಎಂದ ಅರ್ವೊ. "ಬಾಯಿ ಮುಚ್ಕೊಂಡಿರು ಅಂದ ನಮ್ಮಪ್ಪ. ಸತ್ತೋದ್ನಾ?"

"ಸಾಯಲಿಲ್ಲ. ಆದ್ರೆ ಇವತ್ತಿಗೂ ಆಸ್ಪತ್ರೆ ಬಾಗಿಲು ತುಳಿಯಲ್ಲ. ಹಲ್ಲು ನೋವಿಗೆ ಕೆನ್ನೆ ಊದಿಸ್ಕೊಂಡು ಕೂತಿದ್ದೀಯ," ಎಂದರು ಟೆಲ್ಲೆರ್ವೊ.

ಆಮೇಲೆ ಮೆಲ್ಲಗೆ ಹೇಳಿದರು: "ಹೆದರಿಕೆ ಒಂದೇ ಕಾರಣ ಅಂತಲ್ಲ. ನರಕ್ಕೂ ಪೆಟ್ಟು ಬಿದ್ದಿರಬಹುದು. ಆದ್ರೆ ತುಂಬಾ ಹೆದರಿದ ಮಕ್ಕಳಿಗೆ ಆಮೇಲೆ ನೋವು ಜಾಸ್ತಿ ಆಗೋದುಂಟು, ತಿಂಗಳುಗಟ್ಟಲೆ ಉಳಿಯೋದೂ ಉಂಟು. ಈ ನೋವು ಸುಳ್ಳಲ್ಲ ಕಣಪ್ಪ. ಡಾಕ್ಟ್ರಿಗೆ ಎಲ್ಲಾ ಬಿಡಿಸಿ ಹೇಳಿ, ಮುಂದಿನ ಆಪರೇಷನ್‌ಗೆ ಮುಂಚೆನೇ."

ಹೇಳಿದೆವು. ನೋವಿನ ತಜ್ಞರು ನೋಡಿದರು. ನರ ಕೆರಳಿದೆ, ಗುಣವಾಗಲು ಕಾಲ ಹಿಡಿಯುತ್ತದೆ ಎಂದರು. ಮುಂದಿನ ಆಪರೇಷನ್‌ಗೆ ಒಂದು ವಾರ ಮೊದಲು ಆಸ್ಪತ್ರೆಯ ನರ್ಸ್, ಮನೆಯಲ್ಲೇ ರೂಢಿಯಾಗಲೆಂದು ಒಂದು ಮಾಸ್ಕ್ ಕೊಟ್ಟು ಕಳಿಸಿದರು. ಪಿಹ್ಲಾ ಅದನ್ನು ಮೂಸಿ ನೋಡಿದಳು. ನನ್ನ ಕಡೆ ತಿರುಗಿ ಕೇಳಿದಳು:

"ಈ ಸಲಾನೂ ಸುಳ್ಳಾ?"

ನಾನು ಬಾಯಿ ತೆರೆಯುವ ಮೊದಲೇ ಅರ್ವೊ ಅವಳ ಮುಂದೆ ನೆಲದ ಮೇಲೆ ಕೂತ. "ಇಲ್ಲ ಪುಟ್ಟಿ. ಆಪರೇಷನ್ ಮಾಡ್ತಾರೆ. ಎದ್ಮೇಲೆ ನೋಯುತ್ತೆ. ನೀನು ಹೇಳಿದ ತಕ್ಷಣ ಔಷಧಿ ಕೊಡ್ತಾರೆ. ನಿದ್ದೆ ಬರೋವರೆಗೂ ನಾನು ಅಲ್ಲೇ ಇರ್ತೀನಿ."

ಆಪರೇಷನ್ ದಿನ ಅವಳು ಅಪ್ಪನ ಜೊತೆ ನಡುಗುತ್ತಲೇ ಒಳಗೆ ಹೋದಳು. ಆದರೆ ತನ್ನ ಕಾಲ ಮೇಲೆ ನಡೆದು ಹೋದಳು. ಯಾರೂ ಅವಳನ್ನು ಹಿಡಿದು ಅದುಮಲಿಲ್ಲ.

ಬಲಗಡೆಯ ನೋವು ಮೂರು ವಾರದಲ್ಲಿ ಹೋಯಿತು. ಎಡಗಡೆಯದು ಇನ್ನೂ ಇದೆ. ಅಂಗಡಿಗೆ ಹೊರಟರೂ ಪಿಹ್ಲಾ ಬಾಗಿಲಲ್ಲಿ ನಿಂತು, "ನಿಜವಾಗ್ಲೂ ಅಂಗಡಿಗೇನಾ?" ಎಂದು ಕೇಳುತ್ತಾಳೆ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗುವಿಗೆ ಆಪರೇಷನ್ ಇದೆಯೇ? ಮಗುವಿಗೆ ತಿಳಿಯುವ ಮಾತಿನಲ್ಲಿ ನಿಜ ಹೇಳಿ. ಮಗುವಿನ ಭಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಗಾಯ ಮಾಗಿದ ಮೇಲೂ ನೋವೆಂದು ಅತ್ತರೆ, ನಂಬಿ, ಮತ್ತೆ ಕರೆದುಕೊಂಡು ಹೋಗಿ. ನಾನು ಏಳು ತಿಂಗಳು ತಡಮಾಡಿದೆ. ನೀವು ಮಾಡಬೇಡಿ.